ನೆಟ್‌ನಲ್ಲಿ ಬಿದ್ದ ವಿಕೆಟ್

"ಬುದ್ಧೀ, ತಿಂಗಳಾಯಿತು, ನನ್ನ ತರಗತಿಯಲ್ಲಿ ಒಬ್ಬರೂ ಪ್ರಶ್ನೆ ಕೇಳುತ್ತಿಲ್ಲ. ಅವರಿಗೆ ಎಲ್ಲ ತಿಳಿಯಿತೆಂದು ಅರ್ಥವೇ?" ಎಂದು ನಿರಂಜನ ಮಠದ ಸ್ವಾಮಿಗಳನ್ನು ಕೇಳಿದ.

ಮಠದ ಕಿರಿಯರಿಗೆ ತರ್ಕ ಹೇಳಿಕೊಡುವವನು ಅವನು. ವಾದದಲ್ಲಿ ಅವನನ್ನು ಸೋಲಿಸಿದವರು ಸುತ್ತಲ ಏಳು ಮಠಗಳಲ್ಲಿ ಇರಲಿಲ್ಲ. ತರಗತಿಯಲ್ಲೂ ಕಿರಿಯರು ಏನು ಕೇಳಿದರೂ ಅವರ ಮಾತಿನ ತಪ್ಪನ್ನು ಎತ್ತಿ ತೋರಿಸಿ ಕೂರಿಸುತ್ತಿದ್ದ. ಯುಗಾದಿಗೆ ಪಾಠಶಾಲೆಯನ್ನೇ ಅವನ ಕೈಗೆ ಒಪ್ಪಿಸುವ ಮಾತು ನಡೆದಿತ್ತು. ಹಾಗಾಗಿ ಕೇಳುವಾಗ ದನಿಯಲ್ಲಿ ಸಂಶಯಕ್ಕಿಂತ ಸಂತೋಷವೇ ಹೆಚ್ಚಿತ್ತು.

ಸ್ವಾಮಿಗಳು ಒಂದು ಕತೆ ಹೇಳಿದರು.

ಒಬ್ಬ ಸ್ಪಿನ್ ಬೌಲರ್ ಇದ್ದ. ಹದಿನಾಲ್ಕು ವರ್ಷ ದೇಶಕ್ಕೆ ಆಡಿದ. ಕಡಲಾಚೆಯ ಊರುಗಳಲ್ಲೂ ಅವನ ಹೆಸರೆತ್ತಿದರೆ ಬ್ಯಾಟು ಹಿಡಿದವರ ಅಂಗೈ ಬೆವರುತ್ತಿತ್ತು. ವಯಸ್ಸು ಯಾರನ್ನು ಬಿಟ್ಟಿದೆ? ಮೊಣಕಾಲು ಸೋತಿತು, ಆಟ ಬಿಟ್ಟ. ಒಂದು ತಂಡದವರು ಕರೆದು ಕೋಚ್ ಮಾಡಿಕೊಂಡರು.

ದಿನವೂ ಬೆಳಗ್ಗೆ ಅಭ್ಯಾಸದ ನೆಟ್‌ನಲ್ಲಿ ತಾನೇ ಚೆಂಡು ಹಾಕುತ್ತಿದ್ದ. ಒಬ್ಬೊಬ್ಬರನ್ನೂ ಔಟ್ ಮಾಡುತ್ತಿದ್ದ. ಯಾಕೆ ಔಟಾದೆ ಎಂದು ಬಿಡಿಸಿ ಹೇಳುತ್ತಿದ್ದ. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರುತ್ತಿರಲಿಲ್ಲ. ಆಟಗಾರರು ತಲೆಯಾಡಿಸಿ ಪ್ಯಾಡು ಬಿಚ್ಚುತ್ತಿದ್ದರು. ನನ್ನನ್ನೇ ಎದುರಿಸಿದವರು ಇನ್ಯಾರಿಗೆ ಹೆದರುತ್ತಾರೆ ಎಂದುಕೊಂಡು ಅವನು ಹಿಗ್ಗುತ್ತಿದ್ದ.

ತಂಡ ಸಾಲಾಗಿ ಐದು ಪಂದ್ಯ ಸೋತಿತು. ನಿನ್ನೆ ಮೊನ್ನೆ ಚೆಂಡು ಹಿಡಿದವರ ಎದುರಿಗೂ ಅವನ ಆಟಗಾರರು ನಿಂತಲ್ಲೇ ನಿಂತು ಔಟಾದರು. ಇನ್ನೊಂದು ಸೋತರೆ ಕೋಚ್ ಮನೆಗೆ ಹೋಗಬೇಕು ಎಂಬ ಮಾತು ಬಂತು.

ಪಿಚ್ ನೋಡಿಕೊಳ್ಳುವ ಮುದುಕನೊಬ್ಬನಿದ್ದ. ಕೋಚ್ ಅವನನ್ನೇ ಕೇಳಿದ: "ಏನಜ್ಜ, ನಿನ್ನ ಪಿಚ್ಚಲ್ಲಿ ದೋಷವೋ, ನನ್ನ ಹುಡುಗರಲ್ಲೋ?"

"ಪಿಚ್ಚಿಗೇನು ಧಾಡಿ ಸಾರ್?" ಎಂದ ಮುದುಕ, ನೀರು ಬಿಡುತ್ತಲೇ. "ಹುಡುಗರೂ ಚೆನ್ನಾಗೇ ಇದ್ದಾರೆ. ನೀವಿನ್ನೂ ರಿಟೈರ್ ಆಗಿಲ್ಲ, ಅಷ್ಟೇ."

ಮರುದಿನ ಬೆಳಗ್ಗೆ ಕೋಚ್, ಎಲ್ಲರಿಗಿಂತ ಹೆಚ್ಚು ಹೆದರಿದ್ದ ಆಟಗಾರನನ್ನು ಎದುರು ನಿಲ್ಲಿಸಿಕೊಂಡ. ಅವನು ಹೊಡೆಯಬಲ್ಲ ಚೆಂಡನ್ನೇ ಹಾಕಬೇಕೆಂದು ಕೈಯೆತ್ತಿದ. ಬೆರಳು ಕೇಳಲಿಲ್ಲ. ಚೆಂಡು ತಿರುಗಿತು, ಸ್ಟಂಪು ಉರುಳಿತು. ಎರಡನೆಯ ದಿನವೂ ಅದೇ ಆಯಿತು. ದೇಶಕ್ಕೆ ಆಡಿದಷ್ಟು ಕಾಲ ಯಾವ ಚೆಂಡು ಹಾಕುವುದೂ ಅವನಿಗೆ ಇಷ್ಟು ಕಷ್ಟವಾಗಿರಲಿಲ್ಲ.

ಮೂರನೆಯ ದಿನ ಬೆರಳು ಬಗ್ಗಿತು. ಆಟಗಾರ ಮುಂದೆ ಬಂದು ಬೀಸಿದ. ಚೆಂಡು ಕೋಚ್‌ನ ತಲೆಯ ಮೇಲೆ ಹಾದು ಕಾಂಪೌಂಡಿನಾಚೆ ಬಿತ್ತು. ಹೊಡೆದವನೇ ಗಾಬರಿಯಾಗಿ, "ತಪ್ಪಾಯ್ತು ಸಾರ್!" ಎಂದ.

"ಅಲ್ಲೇ ನಿಂತಿರಪ್ಪ, ಇನ್ನೊಂದು ಹಾಕ್ತೀನಿ" ಎಂದು ಕೋಚ್ ಕುಂಟುತ್ತ ತಾನೇ ಚೆಂಡು ತರಲು ಹೋದ.

ಕತೆ ಅಲ್ಲಿಗೆ ನಿಂತಿತು. ನಿರಂಜನ ತಡೆಯಲಾಗದೆ, "ಆರನೆಯ ಪಂದ್ಯ ಗೆದ್ದರೇ ಬುದ್ಧೀ?" ಎಂದು ಕೇಳಿದ.

"ಅದಿರಲಿ ತಮ್ಮಾ, ಈ ತಿಂಗಳು ನೀನೆಷ್ಟು ವಿಕೆಟ್ ತೆಗೆದೆ?" ಎಂದರು ಸ್ವಾಮಿಗಳು.