ಬಾಗಿಲಲ್ಲಿ ಕಾದ ಪೆನ್‌ಡ್ರೈವ್

ಫಕೀರಪ್ಪನ ರಿಪೇರಿ ಅಂಗಡಿಗೆ ಬಂದ ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಂ ಅಳಿಸಿಹೋಗಿತ್ತು. ಹೊಸ ಸಿಸ್ಟಂ ಒಂದು ಡಿಸ್ಕಿನಲ್ಲಿತ್ತು, ಆದರೆ ಆ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕಲು ಜಾಗವೇ ಇರಲಿಲ್ಲ. ಹಾಗಾಗಿ ಫಕೀರಪ್ಪ ಆ ಸಿಸ್ಟಂ ಅನ್ನು ಪೆನ್‌ಡ್ರೈವಿಗೆ ತುಂಬಿ, ಲ್ಯಾಪ್‌ಟಾಪಿನ ಬದಿಗೆ ಸಿಕ್ಕಿಸಿದ.

“ನಿನಗೆ ಬೇಕಾದದ್ದನ್ನು ತಂದಿದ್ದೇನೆ, ತೆಗೆದುಕೊ,” ಎಂದಿತು ಪೆನ್‌ಡ್ರೈವ್.

“ತಾಳು. ಮೊದಲು ನನ್ನ ಮನೆಯಲ್ಲಿ ಹುಡುಕುತ್ತೇನೆ,” ಎಂದ ಲ್ಯಾಪ್‌ಟಾಪ್ ತನ್ನ ಖಾಲಿ ಹಾರ್ಡ್‌ಡಿಸ್ಕನ್ನೆಲ್ಲ ತಡಕಿ, “ಏನೂ ಇಲ್ಲ,” ಎಂದು ಕಣ್ಣು ಮುಚ್ಚಿತು. ಮೂರು ಸಲ ಆನ್ ಮಾಡಿದರೂ ಹೀಗೇ ಆಯಿತು.

ಮೇಜಿನ ಮೇಲಿದ್ದ ಡಿಸ್ಕ್ ಪೆನ್‌ಡ್ರೈವಿಗೆ ಹೇಳಿತು: “ಎದ್ದು ಬಾ. ಬೇಡವೆಂದವರ ಮನೆಯಲ್ಲಿ ನಿನಗೇನು ಕೆಲಸ?”

“ಬೇಡ ಎಂದಿಲ್ಲ. ಇನ್ನೂ ಈ ಕಡೆ ನೋಡಿಲ್ಲ, ಅಷ್ಟೇ. ನೋಡುವವರೆಗೆ ನಾನು ಕದಲುವುದಿಲ್ಲ.”

ಫಕೀರಪ್ಪ ಗೊಣಗಿದ: “ಇದೊಂದ್ ಸಲ ನೋಡೂಣು. ಏಳಲಿಲ್ಲಂದ್ರ ಗುಜರಿಗೆ ಹಾಕೂದ.” ಈ ಸಲ ಅವನು ಲ್ಯಾಪ್‌ಟಾಪಿನ ಸೆಟ್ಟಿಂಗ್ ತೆರೆದು, ಅದು ಸಿಸ್ಟಂಗಾಗಿ ಎಲ್ಲೆಲ್ಲಿ ಹುಡುಕಬೇಕೆಂಬ ಸರದಿಯಲ್ಲಿ ಪೆನ್‌ಡ್ರೈವನ್ನು ಮೊದಲಿಗಿಟ್ಟ.

ಲ್ಯಾಪ್‌ಟಾಪ್ ಪೆನ್‌ಡ್ರೈವಿನ ಕಡೆ ತಿರುಗಿ ನೋಡಿ, ಅದು ತಂದದ್ದನ್ನು ತೆಗೆದುಕೊಂಡಿತು. ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪಿನ ಪರದೆ ಹೊಸ ಸಿಸ್ಟಂನಿಂದ ಬೆಳಗಿತು.

“ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ?” ಎಂದು ಅದು ಗದರಿತು.

“ನಿನ್ನ ಬಾಗಿಲಲ್ಲೇ ಇದ್ದೆ,” ಎಂದಿತು ಪೆನ್‌ಡ್ರೈವ್.