ರುಮಾಲುಬಂಡೆ

ಕೆಂಗಲ್ಲೂರಿನ ಗುಡ್ಡಸಾಲನ್ನು ನೋಡಲು ಬರುವವರನ್ನು ಹೊತ್ತ ಬಸ್ಸು ಮಧ್ಯಾಹ್ನ ಎರಡೂವರೆಗೆ ಪೇಟೆಯಿಂದ ಹೊರಡುತ್ತದೆ. ಮೊದಲು ಹಾಳು ಕೋಟೆ, ಆಮೇಲೆ ಜೈನರ ಗವಿ, ಕೊನೆಗೆ ಜೋಡಿಹಳ್ಳದ ಕಮರಿ. ಹಳ್ಳದ ಬಾಯಲ್ಲಿ ಬಸ್ಸಿಳಿದು, ಬೆಣಚುಕಲ್ಲುಗಳ ಮೇಲೆ ಅರ್ಧ ಹರದಾರಿ ಒಳಗೆ ನಡೆದರೆ ಎರಡೂ ಕಡೆ ಕೆಂಪು ಬಂಡೆಗಳು ಗೋಡೆಯಂತೆ ಎದ್ದು, ದಾರಿ ಕಿರಿದಾಗುತ್ತ ಹೋಗಿ, ಒಂದು ತಣ್ಣನೆಯ ಮಡುವಿನ ಮುಂದೆ ನಿಲ್ಲುತ್ತದೆ. ಮಡುವಿನ ಬಲಕ್ಕೆ ಏಳಾಳೆತ್ತರಕ್ಕೆ ನೆಟ್ಟಗೆ ನಿಂತಿರುವ ಬಂಡೆಗೆ ರುಮಾಲುಬಂಡೆ ಎಂದು ಹೆಸರು. ಅದರ ಆಕಾರದಲ್ಲಿ ರುಮಾಲನ್ನು ಹುಡುಕಿ ಸೋತವರೇ ಹೆಚ್ಚು. ಹೆಸರು ಬಂದದ್ದು ಆಕಾರದಿಂದಲ್ಲ, ಒಂದು ಮಧ್ಯಾಹ್ನದಿಂದ ಎನ್ನುತ್ತಾರೆ ಊರಿನ ಹಿರಿಯರು.

ಹಿಂದೆ ಒಮ್ಮೆ, ಈ ಸೀಮೆ ದೇಸಗತಿಯ ಕೈಯಲ್ಲಿದ್ದ ಕಾಲಕ್ಕೆ, ಕೆಂಗಲ್ಲೂರಿನಲ್ಲಿ ಗಾಳೆವ್ವನೆಂಬ ಹೆಂಗಸಿದ್ದಳು. ಗಂಡ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ನಲವತ್ತು ಆಡುಗಳನ್ನು ಕಟ್ಟಿಕೊಂಡು ಗುಡ್ಡದಲ್ಲೇ ಅರ್ಧ ಬಾಳು ಕಳೆದವಳು. ಯಾವ ಬಂಡೆಯಲ್ಲಿ ಕಾಲೂರಲು ಎಡೆಯಿದೆ, ಯಾವ ಪೊಟರೆಯಲ್ಲಿ ಹಾವಿದೆ ಎಂಬುದು ಅವಳಿಗೆ ಅಂಗೈ ಗೆರೆಯಷ್ಟೇ ಪರಿಚಯ. ಆ ವರ್ಷ ಮುಂಗಾರು ಇನ್ನೇನು ಬರಬೇಕೆನ್ನುವಾಗ ಚನ್ನವೀರ ದೇಸಾಯಿಯ ಮಗಳನ್ನು ತಮ್ಮ ಮಗನಿಗೆ ನಿಶ್ಚಯ ಮಾಡಿಕೊಳ್ಳಲು ಹೊಳೆಯಾಚೆಯ ಬಾಪುಗೌಡನ ಮನೆಯವರು ಬಂದರು. ಬಾಪುಗೌಡ ಹೆಸರಾಂತ ಮನೆತನದವನು. ಅವನ ತಲೆಯ ಮೇಲಿದ್ದ ಇಪ್ಪತ್ನಾಲ್ಕು ಮೊಳದ ಕುಸುಬಿ ಬಣ್ಣದ ರುಮಾಲು ಅವನ ತಂದೆಯದು; ಪರರೆದುರು ಅದನ್ನು ತೆಗೆಯುವುದು ಮನೆಯಲ್ಲಿ ಸಾವಾದಾಗ ಮಾತ್ರ ಎಂಬುದು ಅವರ ಮನೆಯ ಕಟ್ಟಳೆ. ಹೋಳಿಗೆಯ ಊಟ ಮುಗಿದು ಎಲೆಯಡಿಕೆ ಹಾಕಿಕೊಂಡ ಮೇಲೆ, ಬೀಗರಾಗುವವರಿಗೆ ಜೋಡಿಹಳ್ಳದ ಮಡು ತೋರಿಸಬೇಕೆಂದು ದೇಸಾಯಿಗೆ ಮನಸ್ಸಾಯಿತು. ದಾರಿ ತೋರಿಸಲು ಗಾಳೆವ್ವನಿಗೆ ಹೇಳಿಕಳಿಸಿದ.

ಹೊರಟವರು ಎಂಟು ಮಂದಿ: ದೇಸಾಯಿ, ಬಾಪುಗೌಡ, ಅವನ ಮುಪ್ಪಿನ ತಾಯಿ ಸಂಗವ್ವ, ಹೆಂಡತಿ, ಇಬ್ಬರು ತಂಗಿಯರು, ಇಬ್ಬರು ಆಳುಗಳು. ಗಾಳೆವ್ವ ಮುಂದೆ ನಡೆದಳು. ಆಕಾಶ ತೊಳೆದಿಟ್ಟ ಹಾಗಿತ್ತು, ಬಿಸಿಲಿಗೆ ಬಂಡೆಗಳು ಕಾದಿದ್ದವು. ಮಡುವನ್ನು ಕಂಡು ಹೆಂಗಸರು ಹಿಗ್ಗಿ ನೀರಿಗೆ ಕಾಲು ಬಿಟ್ಟು ಕುಳಿತರು. ಗಾಳೆವ್ವ ಮಾತ್ರ ಕೂಡಲಿಲ್ಲ. ಕಮರಿಯ ಮೇಲುಗಡೆಯಿಂದ ತಣ್ಣನೆಯ ಗಾಳಿಯೊಂದು ಬಂದು ಅವಳ ಮುಖಕ್ಕೆ ತಾಗಿತು. ಅದರಲ್ಲಿ ಒದ್ದೆ ಮಣ್ಣಿನ ವಾಸನೆಯಿತ್ತು. ಅವಳು ಬಗ್ಗಿ ಮಡುವನ್ನು ನೋಡಿದಳು. ತಿಳಿಯಾಗಿದ್ದ ನೀರಿನ ಅಂಚಿನಲ್ಲಿ ಕೆಂಪು ನೊರೆ ಸೇರುತ್ತಿತ್ತು. ನೊರೆಯ ನಡುವೆ ಹಸಿರೆಲೆಗಳು ತೇಲಿ ಬಂದವು. ಒಂದನ್ನು ಎತ್ತಿ ನೋಡಿದಳು. ಮತ್ತಿಯ ಎಲೆ. ಮತ್ತಿಯ ಮರಗಳಿರುವುದು ಎರಡು ಹರದಾರಿ ಮೇಲೆ, ಹಳ್ಳ ಹುಟ್ಟುವಲ್ಲಿ. ಅವಳು ಎಲೆ ಬಿಸಾಡಿ ದೇಸಾಯಿಯತ್ತ ತಿರುಗಿದಳು.

"ಧಣ್ಯಾರ, ಏಳ್ರಿ. ಮ್ಯಾಲ ಮಳಿ ಆಗೈತಿ. ನೀರು ಬರಾಕತ್ತೈತ್ರಿ."

ಬಾಪುಗೌಡ ತಲೆಯೆತ್ತಿ ಆಕಾಶ ನೋಡಿ ನಕ್ಕ. "ಒಂದು ಮೋಡ ಇಲ್ಲ, ಎಲ್ಲಿ ಮಳಿ? ದೇಸಾಯರ, ಬೀಗರನ್ನ ಅಂಜಿಸಿ ಓಡಿಸೋದು ನಿಮ್ಮೂರ ಪದ್ಧತಿ ಏನು?"

ದೇಸಾಯಿಗೆ ನಾಚಿಕೆಯಾಯಿತು. ಗಾಳೆವ್ವನನ್ನು ಗದರಿಸಲು ಬಾಯಿ ತೆರೆದವನು ಹಾಗೇ ನಿಂತ. ದೂರದಲ್ಲಿ ನೂರು ಬಂಡಿಗಳು ಒಟ್ಟಿಗೆ ಉರುಳಿದಂತೆ ಒಂದು ಸದ್ದು ಕೇಳಿಸುತ್ತಿತ್ತು. ಅಷ್ಟರಲ್ಲಿ ನೀರು ಅವರ ಪಾದ ಮುಚ್ಚಿತ್ತು. ಬಂದ ದಾರಿಯಲ್ಲಿ ಅರ್ಧ ಹರದಾರಿ ಓಡಿದರೆ ನೀರೇ ಮುಂದಾಗುತ್ತದೆಂದು ಗಾಳೆವ್ವ ತಿಳಿದಿದ್ದಳು. ಉಳಿದದ್ದು ಬಲಗಡೆಯ ಬಂಡೆಯೊಂದೇ. ಅದರಲ್ಲಿ ಆಡುಗಳು ಹತ್ತುವ ಸಣ್ಣ ಸಣ್ಣ ಮೆಟ್ಟುಗಳಿದ್ದವು, ನೆತ್ತಿಯಲ್ಲಿ ಒಂದು ಅತ್ತಿಮರವಿತ್ತು. ಅವಳೇನೋ ಹತ್ತಬಲ್ಲಳು, ಕೈಗೆ ಆಸರೆಯಿಲ್ಲದೆ ಉಳಿದವರು ಹತ್ತಲಾರರು. ಅವಳು ಸುತ್ತ ನೋಡಿ, ನೇರವಾಗಿ ಗಂಡಸರ ತಲೆಗಳತ್ತ ಕೈ ತೋರಿಸಿದಳು. "ರುಮಾಲು ಬಿಚ್ರಿ. ಹಗ್ಗ ಮಾಡೂಣು."

ಆಳುಗಳು ತಟ್ಟನೆ ಬಿಚ್ಚಿದರು. ದೇಸಾಯಿ ಒಂದು ಗಳಿಗೆ ತಡೆದು, ತಾನೂ ಬಿಚ್ಚಿಕೊಟ್ಟ. ಒಂದೇ ಎಳೆಯ ಬಟ್ಟೆ ಮನುಷ್ಯನ ಭಾರ ತಾಳದೆಂದು ಗಾಳೆವ್ವ ಎರಡೆರಡಾಗಿ ಹೊಸೆದು, ಗಂಟು ಹಾಕಿ, ಬಂಡೆಯ ಎತ್ತರವನ್ನು ಕಣ್ಣಲ್ಲೇ ಅಳೆದಳು. "ಸಾಲಂಗಿಲ್ಲ. ಇನ್ನೊಂದು ಬೇಕು." ಎಲ್ಲರೂ ಬಾಪುಗೌಡನತ್ತ ತಿರುಗಿದರು. ಅವನು ಎರಡೂ ಕೈಗಳಿಂದ ತಲೆ ಹಿಡಿದುಕೊಂಡು ನಿಂತಿದ್ದ. ನೀರು ಮೊಣಕಾಲಿಗೆ ಬಂದಿತ್ತು. "ಇದು ನಮ್ಮಪ್ಪನ್ನ ರುಮಾಲು. ಆಡು ಕಾಯಾಕಿ ಮಾತಿಗೆ ಬಿಚ್ಚಲೇನು?" ಎಂದ. ಆಗ ಸಂಗವ್ವ ಮಗನ ಮುಂದೆ ಬಂದು ನಿಂತಳು.

"ನೀ ರುಮಾಲು ಬಿಚ್ಚದಿದ್ರ ನಾ ಸೀರಿ ಬಿಚ್ಚತೀನಿ. ಮನಿ ಮರ್ಯಾದಿ ಯಾವುದರಾಗ ಉಳೀತದ, ನೀನ ಹೇಳು."

ಬಾಪುಗೌಡ ತಲೆಗೆ ಕೈ ಹಾಕಿ ತುದಿ ಎಳೆದ. ಕುಸುಬಿ ರುಮಾಲು ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ಗಾಳೆವ್ವ ಅದನ್ನೂ ಹೊಸೆದು ಸೇರಿಸಿ, ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಹಲ್ಲಿಯಂತೆ ಬಂಡೆ ಹತ್ತಿದಳು. ಅತ್ತಿಮರಕ್ಕೆ ಸುತ್ತು ಹಾಕಿ ಇಳಿಬಿಟ್ಟಳು. ಮೊದಲು ಒಬ್ಬ ಆಳು ಮೇಲೆ ಬಂದು ಅವಳ ಜೊತೆ ಕೈಜೋಡಿಸಿದ. ಆಮೇಲೆ ಸಂಗವ್ವನನ್ನು ಸೊಂಟಕ್ಕೆ ಕಟ್ಟಿ ಎಳೆದುಕೊಂಡರು. "ಎಡಗಾಲು ಮ್ಯಾಲಿಡ್ರಿ... ಅಲ್ಲೇ, ಅಲ್ಲೇ... ಕೆಳಗ ನೋಡಬ್ಯಾಡ್ರಿ" ಎಂದು ಗಾಳೆವ್ವ ಒಬ್ಬೊಬ್ಬರಿಗೂ ಮೆಟ್ಟು ಹೇಳಿಕೊಟ್ಟಳು. ಹೆಂಗಸರು ಬಂದರು, ಇನ್ನೊಬ್ಬ ಆಳು ಬಂದ. ಕೆಳಗೆ ನೀರು ಸೊಂಟ ಮುಟ್ಟಿತ್ತು. ಬೀಗರು ಮೊದಲು ಹತ್ತಲೆಂದು ದೇಸಾಯಿ ಹಟ ಹಿಡಿದ. "ತಡಾ ಮಾಡಿದಾವ ನಾನು, ಕಡೀಗೆ ನಾನ ಬರತೀನಿ" ಎಂದು ಬಾಪುಗೌಡ ಅವನ ಕೈಗೆ ಹಗ್ಗ ಕೊಟ್ಟ.

ಬಾಪುಗೌಡ ಅರ್ಧ ಬಂಡೆ ಹತ್ತಿದ್ದಾಗ ಕಮರಿಯ ತಿರುವಿನಲ್ಲಿ ಕೆಂಪು ನೀರಿನ ಗೋಡೆ ಕಾಣಿಸಿತು, ಬುಡಸಹಿತ ಕಿತ್ತ ಮರಗಳನ್ನು ತಲೆಯ ಮೇಲೆ ಹೊತ್ತು. ಅದು ಬಡಿದ ರಭಸಕ್ಕೆ ಅವನ ಕಾಲು ಮೆಟ್ಟಿನಿಂದ ತಪ್ಪಿತು. ಹಗ್ಗಕ್ಕೆ ಜೋತುಬಿದ್ದ ಅವನು ಬಂಡೆಗೆ ಬಡಿಯುತ್ತ ತೂಗಾಡಿದ. ಆಗ ಗಾಳೆವ್ವನ ಕಣ್ಣಿಗೆ ಬಿದ್ದದ್ದು ಗಂಟು. ದೇಸಾಯಿಯ ರುಮಾಲಿಗೂ ಬಾಪುಗೌಡನ ರುಮಾಲಿಗೂ ಹಾಕಿದ ಗಂಟು, ನೀರು ಕುಡಿದು ನುಣುಪಾಗಿ, ಇಂಚಿಂಚಾಗಿ ಜಾರುತ್ತಿತ್ತು. ಅವಳು ಮರ ಬಿಟ್ಟು ಬಂಡೆಯಂಚಿನಲ್ಲಿ ಬೋರಲು ಬಿದ್ದು, ಕೈ ಚಾಚಿ, ಗಂಟಿನ ಕೆಳಗೆ ಹಿಡಿದಳು. ಮರುಕ್ಷಣ ಗಂಟು ಬಿಚ್ಚಿತು. ಅಷ್ಟು ದೊಡ್ಡ ಮನುಷ್ಯನ ಭಾರವೆಲ್ಲ ಅವಳ ಬಲಗೈಗೆ ಬಂತು. ಭುಜದ ಕೀಲು ಕಳಚಿದ ಸದ್ದು ಪಕ್ಕದಲ್ಲಿದ್ದ ಸಂಗವ್ವನಿಗೂ ಕೇಳಿಸಿತಂತೆ. ಗಾಳೆವ್ವ ಕೂಗಲಿಲ್ಲ, ಬೆರಳನ್ನೂ ಸಡಿಲಿಸಲಿಲ್ಲ. ಆಳುಗಳು ಮರದ ಸುತ್ತು ಬಿಟ್ಟು ಅವಳ ಕಾಲು ಹಿಡಿದರು, ದೇಸಾಯಿ ಬಗ್ಗಿ ಹಗ್ಗ ಮೇಲೆಳೆದು ಬೀಗನ ತೋಳು ಹಿಡಿದ. ಬಾಪುಗೌಡ ಮೇಲೆ ಬಂದು ಬಿದ್ದ. ರುಮಾಲುಗಳು ಜಾರಿ ನೀರಿನಲ್ಲಿ ಹೋದವು.

ಗುಡ್ಡ ಬಳಸಿ ಅವರು ಊರು ಸೇರುವಾಗ ಹೊತ್ತು ಮುಳುಗುತ್ತಿತ್ತು. ದೇಸಾಯಿಯೂ ಬೀಗರೂ ಬರಿತಲೆಯಲ್ಲಿ ಬರುತ್ತಿರುವುದನ್ನು ಊರಬಾಗಿಲ ಅಗಸೆಯಲ್ಲಿದ್ದವರು ಕಂಡರು. ಯಾರೋ ಸತ್ತರೆಂದೇ ಲೆಕ್ಕ. ದೇಸಾಯಿಯ ವಾಡೆಯ ಹೆಂಗಸರು ಬಾಯಿ ಬಡಿದುಕೊಂಡು ಓಡಿಬಂದರು. ಮದುಮಗಳಾಗಬೇಕಾದವಳು ಹೊಸ್ತಿಲಲ್ಲೇ ಕುಸಿದಳು. ಬಾಪುಗೌಡ ಕೈಯೆತ್ತಿ ಅವರನ್ನು ತಡೆದ. "ಅಳಬ್ಯಾಡ್ರಿ. ಹೋದವರೆಲ್ಲ ಜೀವಂತ ಬಂದೀವಿ" ಎಂದು, ಹಿಂದೆ ತೋಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದ ಗಾಳೆವ್ವನತ್ತ ತಿರುಗಿದ. "ನಮಗ ಒಬ್ಬಾಕಿ ಅಕ್ಕ ಹೆಚ್ಚಿಗೆ ಸಿಕ್ಕಾಳ."

ಮರುದಿನದ ನಿಶ್ಚಯದಲ್ಲಿ ಮೊದಲ ವೀಳ್ಯ ಹೋದದ್ದು ಗಾಳೆವ್ವನಿಗೆ. ಗಂಡಸರೆಲ್ಲ ರುಮಾಲಿಲ್ಲದೆ ಕುಳಿತಿದ್ದರು ಎನ್ನುತ್ತಾರೆ. ನಾಟಿವೈದ್ಯರು ಕೀಲು ಕೂಡಿಸಿದರೂ ಅವಳ ಬಲಗೈ ಭುಜದಿಂದ ಮೇಲೆ ಏಳಲಿಲ್ಲ. ಆಮೇಲೆ ಇಪ್ಪತ್ತು ವರ್ಷ ಎಡಗೈಯಲ್ಲೇ ಕೋಲು ಹಿಡಿದು ಆಡು ಕಾಯ್ದಳಂತೆ. ಆ ಬಂಡೆಗೆ ರುಮಾಲುಬಂಡೆ ಎಂದು ಯಾರೂ ಹೆಸರಿಡಲಿಲ್ಲ, ಜನರ ಬಾಯಲ್ಲಿ ತಾನಾಗಿ ನಿಂತಿತು.

ಈಗಲೂ ಬಂಡೆಯ ಬುಡಕ್ಕೆ ಬಂದ ಊರ ಗಂಡಸರು ಟೋಪಿ, ಟವೆಲು ತೆಗೆದು ಕೈಯಲ್ಲಿ ಹಿಡಿಯುತ್ತಾರೆ. ಪ್ರವಾಸಿಗಳೂ ಅವರನ್ನು ನೋಡಿ ತೆಗೆಯುತ್ತಾರೆ. ದಾರಿ ತೋರಿಸುವವನು ಕಲ್ಲಿನ ಮೇಲೆ ನೀರು ಬಿಟ್ಟುಹೋದ ಕಂದು ಗೆರೆಯನ್ನು ಕೋಲಿನಿಂದ ತೋರಿಸುತ್ತಾನೆ; ಅದು ಎತ್ತರದ ಮನುಷ್ಯನ ತಲೆಗಿಂತ ಎರಡಾಳೆತ್ತರ ಮೇಲಿದೆ. ಆಗ ಮಡುವಿನಲ್ಲಿ ಆಡುತ್ತಿದ್ದವರ ನಗು ನಿಲ್ಲುತ್ತದೆ. ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಎರಡು ಬಂಡೆಗಳ ನಡುವೆ ಅಲ್ಲಿಂದ ಕಾಣುವುದು ಸೆರಗಿನಷ್ಟಗಲದ ಆಕಾಶ, ಅದರಲ್ಲಿ ಮೋಡದ ಸುಳಿವಿರುವುದಿಲ್ಲ. ಆದರೂ ಒಬ್ಬಿಬ್ಬರು, ಯಾರೂ ಹೇಳದೆ, ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಕಡೆಗೆ ಬೇಗ ಬೇಗ ನಡೆಯುತ್ತಾರೆ.