ಮುಂಗುಸಿ ಪಂಡಿತರ ಕಷಾಯ

ಕಾಡಿನಲ್ಲಿ ಜ್ವರ ಹಬ್ಬಿದಾಗ ಮುಂಗುಸಿ ಪಂಡಿತರು ಹೊಸ ಕಷಾಯ ಕಾಸಿದರು. ಅದರ ಗುಣ ನೋಡಲು ಹದಿನೈದು ದಿನ ಹತ್ತು ಮೊಲಗಳಿಗೆ ಕಷಾಯ, ಇನ್ನು ಹತ್ತಕ್ಕೆ ಬರೀ ಮೆಣಸಿನ ಸಾರು ಕುಡಿಸಿದರು. ಫಲ ಬರೆದಿಡಲು ಆಮೆಯನ್ನು ಕೂರಿಸಿದರು. ಸಾರು ಕುಡಿದ ಹತ್ತೂ ಮೊಲಗಳು ಎದ್ದು ಓಡಾಡಿದವು. ಕಷಾಯ ಕುಡಿದವುಗಳಲ್ಲಿ ಏಳು ಸತ್ತವು.

"ಏಳು ಸತ್ತವು ಅಂತ ಬರೆಯಲೇ, ಪಂಡಿತರೇ?" ಎಂದಿತು ಆಮೆ.

"ಛೆ! ಅವು ಹದಿನೈದು ದಿನ ಪೂರ್ತಿ ಕುಡಿದವೇನಯ್ಯಾ? ಔಷಧ ಅರ್ಧಕ್ಕೆ ಬಿಟ್ಟವರನ್ನು ಲೆಕ್ಕಕ್ಕೆ ಹಿಡಿಯಬಾರದು. ಪೂರ್ತಿ ಕುಡಿದ ಮೂರೂ ಗುಣವಾಗಿವೆ. ನೂರಕ್ಕೆ ನೂರು ಅಂತ ಬರೆ."

ಆಮೆ ಅಭ್ಯಾಸದಂತೆ ಕತ್ತು ಒಳಗೆಳೆದುಕೊಂಡು ಬರೆಯಿತು. ಸಿಂಹರಾಜ ಪಂಡಿತರಿಗೆ ಶಾಲು ಹೊದಿಸಿದ. ಕಾಡಿಗೆ ಕಾಡೇ ಪಂಡಿತರ ಬಾಗಿಲಲ್ಲಿ ಕಷಾಯಕ್ಕೆ ಸಾಲು ನಿಂತಿತು.

ಅಷ್ಟರಲ್ಲಿ ಪಂಡಿತರಿಗೇ ಜ್ವರ ಬಂತು. ಆಮೆ ಗಡಿಬಿಡಿಯಿಂದ ಕಷಾಯದ ಲೋಟ ತಂದು ಹಿಡಿಯಿತು. ಪಂಡಿತರು ಕಂಬಳಿಯೊಳಗಿಂದಲೇ ಗದರಿದರು: "ಅದು ಹೊರಗೆ ನಿಂತವರಿಗೆ ಕಣಯ್ಯಾ! ನನಗೆ ಮೆಣಸಿನ ಸಾರು ತಾ."

ಆಮೆ ಹುಟ್ಟಿದ ಮೇಲೆ ಮೊದಲ ಸಲ ಕತ್ತನ್ನು ಪೂರ್ತಿ ಹೊರಗೆ ಚಾಚಿ, ಸಾಲಿನ ತುದಿಗೂ ಕೇಳುವಂತೆ ಕೂಗಿತು: "ಯಾರಲ್ಲಿ? ಪಂಡಿತರಿಗೆ ಬೇಗ ಒಂದು ಲೋಟ ಮೆಣಸಿನ ಸಾರು ತನ್ನಿ!"